ಹಿಮದ ಕಣಿವೆಗೆ ಹೋದ ಮಾರಮ್ಮ

ಈ ಭೂಮಂಡಲದಲ್ಲಿ ಹಿಮಕ್ಕೆ ಇಬ್ಬರೇ ಶತ್ರುಗಳು. ಒಬ್ಬ ಸೂರ್ಯ, ಇನ್ನೊಬ್ಬ ಪರಶುರಾಂಪುರದ ಮಾರಯ್ಯ. ಸೂರ್ಯನಾದರೋ ಸಂಜೆಯಾದರೆ ಕೆಲಸ ಬಿಟ್ಟು ಮನೆಗೆ ಹೋಗುತ್ತಾನೆ. ಮಾರಯ್ಯನಿಗೆ ಅಂಥ ಸೋಮಾರಿತನವಿಲ್ಲ. ಮದುವೆಗೆ ಕರೆಯಲು ಹೋಗಿರಲಿ, ಸಾವಿನ ಮನೆಯವರನ್ನು ಮಾತಾಡಿಸಲು ಹೋಗಿರಲಿ, ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಅವನ ಕಣ್ಣು ಆ ಮನೆಯ ಫ್ರಿಜ್ಜನ್ನು ಹುಡುಕಿರುತ್ತದೆ. ಎದ್ದು ಹೋಗಿ ಮೇಲಿನ ಬಾಗಿಲು ತೆಗೆಯುತ್ತಾನೆ. ಒಳಗೋಡೆಗೆ ಹಿಮ ಕಟ್ಟಿಕೊಂಡಿದ್ದು ಕಂಡಿತೋ, ಮನೆಯವರ ಅಪ್ಪಣೆಗೂ ಕಾಯದೆ ಮುದ್ದೆ ತಿರುವುವ ಕೋಲು ಹಿಡಿದು ಯುದ್ಧಕ್ಕಿಳಿಯುತ್ತಾನೆ. ಕೆರೆದ ಹಿಮವನ್ನು ಬೋಗುಣಿಗೆ ತುಂಬಿ ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದು ಬಂದ ಮೇಲೆಯೇ ಸತ್ತವರ ಬಗ್ಗೆ ಎರಡು ಒಳ್ಳೆಯ ಮಾತು.

ಇದರಿಂದ ಊರಲ್ಲಿ ಪುರಾಣಗಳು ಹುಟ್ಟಿವೆ. ಹೊಸ ಫ್ರಿಜ್ಜು ತಂದವರು ಮೊದಲು ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರಂತೆ, ಆಮೇಲೆ ಮಾರಯ್ಯನ ಕಣ್ಣಿಗೆ ಬೀಳದಂತೆ ಹಳೆಯ ಸೀರೆ ಹೊದಿಸುತ್ತಾರಂತೆ. ಚಳ್ಳಕೆರೆಯಿಂದ ಬರುವ ಐಸ್‌ಕ್ರೀಮ್ ಗಾಡಿಯವನು ಅವನ ಬೀದಿಯಲ್ಲಿ ಗಂಟೆಯ ನಾಲಿಗೆ ಹಿಡಿದುಕೊಂಡು ದಾಟುತ್ತಾನಂತೆ. ಪಕ್ಕದ ಮನೆಯ ಜುಂಜಮ್ಮನ ಫ್ರಿಜ್ಜು ಕೆಟ್ಟಿದ್ದು ಮಾರಯ್ಯ ಅದನ್ನು ದಿಟ್ಟಿಸಿ ನೋಡಿದ್ದರಿಂದಲೇ ಎಂದು ಜುಂಜಮ್ಮ ಇವತ್ತಿಗೂ ವಾದಿಸುತ್ತಾಳೆ. ಕರೆಂಟಿನ ತಂತಿಯನ್ನು ಇಲಿ ಕಡಿದಿತ್ತು ಎಂದರೆ, "ಇಲಿಗೆ ಹೇಳ್ಕೊಟ್ಟೋನು ಯಾರು?" ಎನ್ನುತ್ತಾಳೆ.

ಇಷ್ಟು ಬಿಸಿಲಿನ ಸೀಮೆಯಲ್ಲಿ ಹುಟ್ಟಿದವನಿಗೆ ಹಿಮದ ಜೊತೆ ಏನು ಹಗೆ ಎಂದು ಹೊರಗಿನವರು ಕೇಳುತ್ತಾರೆ. ಹಗೆಯಲ್ಲ, ಉದ್ಯೋಗ. ಮಾರಯ್ಯ ಇಪ್ಪತ್ತಕ್ಕೂ ಹೆಚ್ಚು ವರ್ಷ ಲಡಾಖಿನ ಒಂದು ಕಣಿವೆ ರಸ್ತೆಯಲ್ಲಿ ಡೋಜರ್ ಓಡಿಸಿ ಹಿಮ ತಳ್ಳಿದವನು. ಈಗ ನಿವೃತ್ತಿಯಾಗಿ ಬಂದು ಹೆಂಡತಿ ಮುದ್ದಕ್ಕನ ಊರಾದ ಪರಶುರಾಂಪುರದಲ್ಲಿ ಮನೆ ಕಟ್ಟಿದ್ದಾನೆ. ಕೈ ಸುಮ್ಮನಿರಬೇಕಲ್ಲ.

ಅವನು ಹುಟ್ಟಿದ್ದು ಮೊಳಕಾಲ್ಮೂರಿನ ಕಡೆಯ ಸಿದ್ದಾಪುರದಲ್ಲಿ, ಕುರಿ ಕಾಯುವ ಮನೆಯಲ್ಲಿ. ಬಂಡೆಗುಡ್ಡಗಳ ಸಂದಿಯಲ್ಲಿ ಕುರಿ ಮೇಯಿಸುತ್ತ ಬೆಳೆದ. ಒಂದು ಬೇಸಿಗೆಯಲ್ಲಿ ಕೆರೆಯ ಹೂಳೆತ್ತಲು ಡೋಜರ್ ಬಂತು. ಕುರಿಗಳು ಹೆದರಿ ಓಡಿದವು, ಮಾರಯ್ಯ ಡೋಜರಿನ ಹಿಂದೆ ಓಡಿದ. ಕುರಿಗಳನ್ನು ಅವನ ತಮ್ಮ ಹುಡುಕಿ ತಂದ. ಮಾರಯ್ಯ ಮಾತ್ರ ಆ ಯಂತ್ರದಿಂದ ಇಳಿಯಲೇ ಇಲ್ಲ. ಕೆಲಸ ಕಲಿತ, ಎಲ್ಲೋ ಭರ್ತಿ ನಡೆಯುತ್ತಿದೆ ಎಂದು ಕೇಳಿ ಹೋದ, ಗಡಿಯಲ್ಲಿ ರಸ್ತೆ ಕಾಯುವ ದಳಕ್ಕೆ ಆಯ್ಕೆಯಾದ. ಕರ್ನಾಟಕದವನು ಎಂದ ಕೂಡಲೇ ಆಯ್ಕೆ ಮಾಡಿದ ಮಹಾನುಭಾವರಿಗೆ ಮಳೆ, ಕಾಡು, ಚಳಿ ಎಲ್ಲ ನೆನಪಾಗಿರಬೇಕು. ಬಿಸಿಲಿಗೆ ಬಂಡೆ ಬಿರಿಯುವ ನಾಡಿನಿಂದ ಬಂದವನನ್ನು ಸೀದಾ ಹಿಮಕ್ಕೆ ಕಳಿಸಿದರು.

ಆ ಕಣಿವೆಯ ಹೆಸರನ್ನು ಮಾರಯ್ಯ ಒಂದೊಂದು ಸಲ ಒಂದೊಂದು ರೀತಿ ಹೇಳುವುದರಿಂದ ಇಲ್ಲಿ ಬರೆಯುವ ಸಾಹಸ ಬೇಡ. ಕೊನೆಗೆ ಕಣಿವೆ ಎಂಬರ್ಥದ 'ಲಾ' ಬರುತ್ತದೆ ಎಂಬುದಷ್ಟು ನಿಜ. ಎತ್ತರ ಕೇಳಿದರೆ, "ನಮ್ಮ ಜಟಿಂಗ ರಾಮೇಶ್ವರ ಬೆಟ್ಟ ಐತಲ್ಲ, ಅಂಥವನ್ನ ಒಂದರ ಮ್ಯಾಲೊಂದು ಪೇರಿಸ್ತಾ ಹೋಗು. ಉಸಿರು ನಿಂತೋಯ್ತು ಅನ್ನಿಸ್ದಾಗ ಅರ್ಧ ಆಗೈತೆ ಅಂತ ತಿಳ್ಕೋ" ಎನ್ನುತ್ತಾನೆ. ಮೊದಲ ದಿನ ಹಿಮ ಕಂಡಾಗ, ಯಾರೋ ಕುರಿ ಕತ್ತರಿಸಿ ಉಣ್ಣೆಯನ್ನು ಬೆಟ್ಟದ ತುಂಬ ಒಣಗಲು ಹಾಕಿದ್ದಾರೆ ಎಂದುಕೊಂಡನಂತೆ. ನಮ್ಮ ಕುರಿಯ ಉಣ್ಣೆ ಕಪ್ಪು, ಇವರದು ಬಿಳಿ, ಅಷ್ಟೇ ವ್ಯತ್ಯಾಸ. ಹತ್ತಿರ ಹೋಗಿ ಕೈ ಹಾಕಿದ ಮೇಲೆ ಆ ಅಭಿಪ್ರಾಯ ಬದಲಾಯಿತು.

ಉಸಿರು ಸಾಲದು, ಮೂಗಿನಲ್ಲಿ ರಕ್ತ, ಡೋಜರಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಇವೆಲ್ಲವನ್ನೂ ಸಹಿಸಿದ. ಸಹಿಸಲಾಗದ್ದು ಒಂದೇ: ಅಷ್ಟು ಎತ್ತರದಲ್ಲಿ ನೀರು ಸುಮ್ಮಸುಮ್ಮನೆ ಕುದಿಯುತ್ತದೆ, ಹಿಟ್ಟು ಬೇಯುವುದಿಲ್ಲ. ಊರಿನಿಂದ ಹೊತ್ತೊಯ್ದ ರಾಗಿ ಹಿಟ್ಟಿನ ಮೊದಲ ಮುದ್ದೆ ಹಸಿಯಾಗಿಯೇ ಉಳಿದ ರಾತ್ರಿ ಮಾರಯ್ಯ ಅತ್ತನಂತೆ. ಆಮೇಲೆ ಕುಕ್ಕರಿನಲ್ಲಿ ಮುದ್ದೆ ಮಾಡುವ ವಿದ್ಯೆಯನ್ನು ತಾನೇ ಕಂಡುಹಿಡಿದ. ಅವನ ಜೊತೆಗಾರ ಸ್ಟಾನ್ಜಿನ್ ಅಲ್ಲಿಯವನೇ, ಲಡಾಖಿ. ಅವನಿಗೂ ಮುದ್ದೆ ನುಂಗುವುದನ್ನು ಕಲಿಸಿದ. ಬದಲಿಗೆ ಸ್ಟಾನ್ಜಿನ್ ಇವನಿಗೆ ಉಪ್ಪು, ಬೆಣ್ಣೆ ಹಾಕಿದ ಚಹಾ ಕುಡಿಸಿದ. ಯಾರು ಹೆಚ್ಚು ಕಷ್ಟಪಟ್ಟರೆಂದು ಇಬ್ಬರಲ್ಲೂ ಕೊನೆಯವರೆಗೂ ಒಮ್ಮತವಾಗಲಿಲ್ಲ.

ಇಷ್ಟರಲ್ಲಿ ಮಾರಯ್ಯನ ಮನಸ್ಸಿಗೆ ಒಂದು ಕೊರೆತ ಶುರುವಾಯಿತು. ನಮ್ಮ ಕಡೆ ರಸ್ತೆ ಎರಡು ಗುಡ್ಡದ ನಡುವೆ ಎಲ್ಲಿ ಇರುಕಾಗುತ್ತದೋ ಅಲ್ಲಿ ಕಣಿವೆ ಮಾರಮ್ಮ ಇರಲೇಬೇಕು. ಲಾರಿಯವನು ಇಳಿದು ಕಾಯಿ ಒಡೆಯುತ್ತಾನೆ, ಬೈಕಿನವನು ಒಂದು ಕಾಲು ನೆಲಕ್ಕೂರಿ ಎದೆ ಮುಟ್ಟಿಕೊಳ್ಳುತ್ತಾನೆ, ಎಷ್ಟೇ ಅವಸರವಿದ್ದರೂ ಬಸ್ಸಿನವನು ಹಾರ್ನ್ ಆದರೂ ಹೊಡೆದು ಹೋಗುತ್ತಾನೆ. ಆಕೆಗೆ ಹೇಳದೆ ಕಣಿವೆ ದಾಟಿದವನು ಆಚೆ ಮುಟ್ಟಿದರೂ ಅದು ಮುಟ್ಟಿದ ಹಾಗಲ್ಲ. ಸಿದ್ದಾಪುರದ ಬಂಡೆಗಳ ನಡುವೆ, ಗಾಡಿ ಎರಡು ಎದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಸಣ್ಣ ಕಣಿವೆಗೇ ಒಬ್ಬ ಮಾರಮ್ಮ ಇದ್ದಾಳೆ. ಇಲ್ಲಿ ಜಗತ್ತಿನ ಮಾಳಿಗೆಯ ಮೇಲೆ ಇಷ್ಟು ದೊಡ್ಡ ಕಣಿವೆ, ಮಾರಮ್ಮ ಇಲ್ಲ!

ರಜೆಗೆ ಬಂದಾಗ ಒಂದು ಜೊತೆ ಬೆಳ್ಳಿ ಕಣ್ಣು, ಅರಿಶಿನ ಕುಂಕುಮ, ಒಣಗಿಸಿದ ಬೇವಿನ ಸೊಪ್ಪು ಕಟ್ಟಿಕೊಂಡು ಹೋದ. ಸ್ಟಾನ್ಜಿನ್‌ಗೆ ವಿಷಯ ಹೇಳಿದ. ಇಬ್ಬರೂ ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ಮಾರಯ್ಯ ಅದನ್ನು ನಮಗೆ ಹೇಳುವುದು ಅವನದೇ ಕನ್ನಡದಲ್ಲಿ.

"ನಮ್ಮ ದೇವ್ರು ಕಣಿವೆ ತುದೀಲಿ, ಬಣ್ಣದ ಬಾವುಟ ಕಟ್ಟಿರೋ ಹತ್ರ ಇದ್ದಾನಲ್ಲ, ನಿಮ್ಮಮ್ಮನೂ ಅಲ್ಲೇ ಇರ್ಲಿ" ಎಂದ ಸ್ಟಾನ್ಜಿನ್.

"ತುದೀಲಿ ಆಕೆಗೇನ್ ಕೆಲ್ಸ, ಗಾಳಿ ಕುಡಿಯೋದಾ? ಗಂಟಲಲ್ಲಿ ಕೂತ್ರೆ ತಾನೆ ಹೋಗೋರು ಬರೋರು ಸಿಕ್ಕೋದು."

ಆ ಗಂಟಲನ್ನು ಮಾರಯ್ಯ ಆಗಲೇ ನೋಡಿಟ್ಟಿದ್ದ. ತುದಿಗಿಂತ ಕೆಳಗೆ ಒಂದು ತಿರುವು. ಒಂದು ಮಗ್ಗುಲಲ್ಲಿ ಪ್ರಪಾತ, ಇನ್ನೊಂದು ಮಗ್ಗುಲಲ್ಲಿ ಆಕಾಶದವರೆಗೆ ಇಳಿಜಾರು.

"ಅಲ್ಲಿ ಬ್ಯಾಡ ಕಣೋ," ಎಂದ ಸ್ಟಾನ್ಜಿನ್. "ಚಳಿಗಾಲದಾಗೆ ಮೇಲಿನ ಬರ್ಫೆಲ್ಲ ಜಾರಿ ಅಲ್ಲಿಗೇ ಬೀಳ್ತೈತೆ."

"ಅದಕ್ಕೇ ಅಲ್ವೇನ್ಲೇ ಅವಳು ಅಲ್ಲಿರಬೇಕಾದ್ದು!"

ಮಾರಯ್ಯ ಮೊಣಕಾಲೆತ್ತರದ ಒಂದು ಕಲ್ಲು ನಿಲ್ಲಿಸಿ, ಅರಿಶಿನ ಬಳಿದು, ಕಣ್ಣು ಅಂಟಿಸಿದ. ಬಿಸಿಲಿಗೆ ಕಣ್ಣು ಫಳಕ್ಕೆಂದಿತು. ಹಿಮಾಲಯದಲ್ಲಿ ಮಾರಮ್ಮ ಅಧಿಕಾರ ವಹಿಸಿಕೊಂಡಳು.

ಆಮೇಲಿನದು ದಿಗ್ವಿಜಯ. ಮೊದಲು ನಿಂತವನು ತಮಿಳುನಾಡಿನ ಒಬ್ಬ ಲಾರಿ ಡ್ರೈವರು. ಅವನಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಲಿಲ್ಲ, ನೋಡಿದ ಕೂಡಲೇ ಚಪ್ಪಲಿ ಬಿಟ್ಟ. ಅವನನ್ನು ನೋಡಿ ಪಂಜಾಬಿನವನು ನಿಂತ, ಪಂಜಾಬಿನವನನ್ನು ನೋಡಿ ಬಿಹಾರದವನು. ಎರಡು ವರ್ಷದಲ್ಲಿ ಆಕೆ 'ಮಾರಮ್ಮಾ ಮಾತಾ' ಆದಳು. ಕಾಯಿ ಸಿಗದ ಜಾಗ, ಹಾಗಾಗಿ ಬಿಸ್ಕತ್ತು, ಒಣದ್ರಾಕ್ಷಿ, ಒಂದು ಸಲ ಶೇವಿಂಗ್ ಕ್ರೀಮಿನ ಹೊಸ ಟ್ಯೂಬೂ ನೈವೇದ್ಯಕ್ಕೆ ಬಂತು. ಬೈಕಿನಲ್ಲಿ ಬರುವ ಪ್ರವಾಸಿಗಳು ಆಕೆಯ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಮಾರಯ್ಯನ ಮೇಲಿನ ಸಾಹೇಬರು ಕೂಡ ಜೀಪು ನಿಲ್ಲಿಸಿ ಟೋಪಿ ತೆಗೆಯತೊಡಗಿದರು. 'ಇಲ್ಲಿ ವಾಹನ ನಿಲ್ಲಿಸಬಾರದು' ಎಂದು ಅದೇ ಸಾಹೇಬರು ಹಾಕಿಸಿದ್ದ ಫಲಕಕ್ಕೆ ಯಾರೋ ಕೆಂಪು ದಾರ ಕಟ್ಟಿದರು.

ಒಂದು ಚಳಿಗಾಲದ ಕೊನೆಗೆ, ರಸ್ತೆ ತೆರೆದ ಮೊದಲ ವಾರದಲ್ಲಿ, ಅಮ್ಮನಿಗೆ ಕೈ ಮುಗಿಯಲು ನಿಂತ ಒಂದು ಲಾರಿಯ ಮೇಲೆ ಇಳಿಜಾರು ಕಳಚಿಕೊಂಡು ಬಿತ್ತು. ಲಾರಿಯ ಹಿಂಭಾಗ ಹೂತುಹೋಯಿತು. ಮಾರಯ್ಯ ಡೋಜರಿನಲ್ಲಿ ಹಿಮ ಬಗೆದ, ಸ್ಟಾನ್ಜಿನ್ ಡ್ರೈವರನ್ನು ಕಿಟಕಿಯಿಂದ ಎಳೆದು ತೆಗೆದ. ಪುಣ್ಯಕ್ಕೆ ಜೀವ ಇತ್ತು. ಹಣೆಯ ಕುಂಕುಮ ಇನ್ನೂ ಹಸಿಯಾಗಿತ್ತು.

"ಮಾತಾ ಉಳಿಸಿದಳು!" ಎಂದು ಎಲ್ಲ ಡ್ರೈವರುಗಳೂ ಜೈಕಾರ ಹಾಕಿದರು. ಆಕೆಯ ಖ್ಯಾತಿ ಇಮ್ಮಡಿಯಾಯಿತು. ಮೊದಲು ನಿಲ್ಲದಿದ್ದವರೂ ನಿಲ್ಲತೊಡಗಿದರು.

ಮಾರಯ್ಯ ಒಬ್ಬನೇ ಜೈಕಾರ ಹಾಕಲಿಲ್ಲ. ಅವನು ಬೆಳೆದ ಕಡೆ ಅಪಾಯ ಇರುವ ಜಾಗದಲ್ಲಿ ನಿಂತು ಹೋಗಬೇಕು. ಈ ಹಿಮದ ರಾಜ್ಯದಲ್ಲಿ ಅಪಾಯ ಇರುವ ಜಾಗದಲ್ಲಿ ನಿಲ್ಲಲೇಬಾರದು. ಇಷ್ಟು ಸರಳವಾದದ್ದು ಇಷ್ಟು ವರ್ಷ ಹೊಳೆದಿರಲಿಲ್ಲ. ಇನ್ನು ಆ ತಿರುವಿನಲ್ಲಿ ಯಾರು ಸತ್ತರೂ ಅವರನ್ನು ಅಲ್ಲಿ ನಿಲ್ಲಿಸಿದವನು ತಾನು.

ಸಾಹೇಬರಿಗೂ ಅದೇ ಹೊಳೆದಿತ್ತು. ಮಾರಯ್ಯನನ್ನು ಕರೆಸಿದರು.

"ಮಾರಯ್ಯ, ಅಮ್ಮನನ್ನು ತಿರುವಿನಾಚೆಯ ಬಯಲಿಗೆ ಸಾಗಿಸು. ಅಲ್ಲಿ ಎಷ್ಟು ಲಾರಿ ಬೇಕಾದರೂ ನಿಲ್ಲಲಿ. ನಾಳಿದ್ದು ಬೆಳಿಗ್ಗೆ ಲಾರಿಗಳ ದೊಡ್ಡ ಸಾಲು ಬರುತ್ತದೆ, ಅಷ್ಟರೊಳಗೆ ಆಗಬೇಕು."

"ಹುಕುಂ ಮಾಡಿ ಬೇರೆ ಯಾರಿಂದಾದ್ರೂ ತೆಗೆಸಿ ಸಾಹೇಬ್ರೆ."

"ಬೇರೆ ಯಾರೂ ಮುಟ್ಟುವುದಿಲ್ಲವಂತೆ."

"ನೀವೇ..."

"ನನಗೆ ಹೆಂಡತಿ ಮಕ್ಕಳಿದ್ದಾರೆ ಮಾರಯ್ಯ."

ಮಾರಯ್ಯನಿಗೂ ಇದ್ದರು. ಜೊತೆಗೆ, ನಿಲ್ಲಿಸಿದ ಮಾರಮ್ಮನನ್ನು ಕೇಳದೆ ಕದಲಿಸಿದರೆ ಮನೆತನಕ್ಕೇ ಆಗದು ಎಂಬುದು ಅವನು ತೊಟ್ಟಿಲಿನಿಂದ ಕೇಳಿಕೊಂಡು ಬಂದ ಮಾತು. ಕೇಳುವುದಕ್ಕೆ ಕ್ರಮವೂ ಇದೆ: ಸಿದ್ದಾಪುರದ ಕಣಿವೆಯ ಗುಡಿಯಲ್ಲಿ ಪೂಜಾರಿ ಹನುಮಣ್ಣ ಅಮ್ಮನ ಎರಡೂ ಹೆಗಲಿಗೆ ಹೂ ಮುಡಿಸುತ್ತಾನೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಆಗದು. ಅಲ್ಲಿಂದ ಇಲ್ಲಿಗೆ ದೇಶದ ಉದ್ದ. ಆದರೂ ಫೋನ್ ಇದೆಯಲ್ಲ.

ಮರುದಿನ ಮುದ್ದಕ್ಕ ಪರಶುರಾಂಪುರದ ತವರಿನಿಂದ ಬೆಳಗಿನ ಬಸ್ಸು ಹಿಡಿದು, ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ, ಸಿದ್ದಾಪುರಕ್ಕೆ ಬಂದು, ಗುಡಿಯಲ್ಲಿ ಕೂತು ಗಂಡನಿಗೆ ಫೋನ್ ಹಚ್ಚಿದಳು. ಗುಡಿಯಲ್ಲಿದ್ದವರಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿದಳು. ಮಾರಯ್ಯ ಸಿಗ್ನಲ್ ಸಿಗುವ ಒಂದೇ ಬಂಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ.

"ಲೇ ಮಾರಯ್ಯ, ಕೇಳ್ತೈತೇನಲೇ?" ಹನುಮಣ್ಣ ಫೋನಿಗಲ್ಲ, ಹಿಮಾಲಯಕ್ಕೇ ಕೇಳಿಸುವಂತೆ ಕೂಗಿದ.

"ಕೇಳ್ತೈತೆ, ಮೆಲ್ಲಗೆ ಮಾತಾಡೋ. ಇಲ್ಲಿ ಕೂಗಿದ್ರೆ ಬರ್ಫು ಬೀಳ್ತೈತೆ."

"ಹೂ ಮುಡಿಸೀನಿ. ಎಲ್ರೂ ಸುಮ್ನಿರ್ರಿ."

ಸುಮ್ಮನಾದರು. ದೇಶದ ಎರಡು ತುದಿಯಲ್ಲಿ ಗಂಡ ಹೆಂಡತಿ ಉಸಿರು ಹಿಡಿದರು. ಮಾರಯ್ಯನಿಗೆ ಅಲ್ಲಿ ಹಿಡಿಯಲು ಉಸಿರೇ ಕಡಿಮೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗುಡಿಯಲ್ಲಿ ಒಟ್ಟಿಗೆ 'ಅಯ್ಯೋ' ಎಂಬ ಸದ್ದು.

"ಏನಾಯ್ತು?"

"ಎಡಕ್ಕೆ ಬಿತ್ತು ಕಣ್ರೀ" ಎಂದಳು ಮುದ್ದಕ್ಕ.

"ಅಮ್ಮನ ಎಡಕ್ಕೋ, ನಿನ್ನ ಎಡಕ್ಕೋ?"

"ಅಮ್ಮಂದೇ. ಎಡ ಬಲ ತಿಳೀದಷ್ಟು ದಡ್ಡೀನಾ ನಾನು?"

"ಇನ್ನೊಂದ್ಸಲ ಕೇಳು ಅನ್ನು."

"ಲೇ!" ಹನುಮಣ್ಣನ ದನಿ. "ದೇವ್ರು ಏನ್ ಲಾಟರಿನಾ, ಬರೋಗಂಟ ತೆಗೀತಾ ಇರೋಕೆ? ಬ್ಯಾಡ ಅಂದ್ಲು ಅಂದ್ರೆ ಬ್ಯಾಡ. ಮುಟ್ಟಬ್ಯಾಡ."

ಬಂಡೆಯ ಮೇಲೆ ಮಾರಯ್ಯ ತಲೆ ಮೇಲೆ ಕೈ ಹೊತ್ತು ಕೂತ. ಕೆಳಗೆ ದೂರದಲ್ಲಿ ತಡೆಗೇಟಿನ ಹತ್ತಿರ ಲಾರಿಗಳು ಆಗಲೇ ಒಂದೊಂದಾಗಿ ಬಂದು ಸಾಲುಗಟ್ಟುತ್ತಿದ್ದವು, ಕುರಿ ರೊಪ್ಪಕ್ಕೆ ಸೇರುವ ಹಾಗೆ. ನಾಳೆ ಒಂದೊಂದೂ ಅಮ್ಮನ ಮುಂದೆ ನಿಲ್ಲುತ್ತದೆ.

"ಹೋಯ್, ಇದ್ದೀರಾ?" ಎಂದಳು ಮುದ್ದಕ್ಕ. ಗದ್ದಲ ಕಡಿಮೆಯಾಗಿತ್ತು, ಗುಡಿಯಿಂದ ಹೊರಗೆ ಬಂದಿದ್ದಳೆಂದು ಕಾಣುತ್ತದೆ.

"ಇದ್ದೀನಿ."

"ಅಲ್ಲಿ ಬರೋರಿಗೆಲ್ಲ ಹೆಂಡ್ರು ಮಕ್ಳು ಇಲ್ವಾ?"

"ಇರ್ತಾರೆ."

"ಮತ್ತೆ ಕುಂತು ಏನ್ ಯೋಚ್ನೆ ಮಾಡ್ತೀರಿ? ಎತ್ಕೊಂಡು ನಡೀರಿ. ಅಮ್ಮ ಏನಾದ್ರೂ ಅಂದ್ರೆ ಮುದ್ದಕ್ಕ ಹೇಳಿದ್ಲು ಅನ್ರಿ. ನಾನೂ ಅವಳೂ ಮಾತಾಡ್ಕಂತೀವಿ. ನಂಗೇನ್ ಅವ್ಳು ಹೊಸಬಳಾ?"

ಮಹಾಯುದ್ಧಗಳಲ್ಲಿ ಶಂಖ ಊದುತ್ತಾರೆ ಎನ್ನುತ್ತಾರೆ. ಈ ಯುದ್ಧದಲ್ಲಿ ಊದಿದ್ದು ಇಷ್ಟೇ. ಫೋನ್ ಕಟ್ಟಾಯಿತು, ಚಾರ್ಜು ಮುಗಿದು.

ಬೆಳಿಗ್ಗೆ ಬಿಸಿಲು ಏರಿ ಹಿಮ ಸಡಿಲವಾಗುವ ಮೊದಲೇ ಮಾರಯ್ಯ, ಸ್ಟಾನ್ಜಿನ್ ಇಬ್ಬರೂ ತಿರುವಿಗೆ ಹೋದರು. ಸ್ಟಾನ್ಜಿನ್ ಬಾಯಲ್ಲಿ ಸೀಟಿ ಇಟ್ಟುಕೊಂಡು ಇಳಿಜಾರಿನ ಮೇಲೆ ಕಣ್ಣಿಟ್ಟು ನಿಂತ. ಮಾರಯ್ಯ ಬೂಟು ಬಿಚ್ಚಿದ, ಕೈ ಮುಗಿದ, ಕಲ್ಲು ತಬ್ಬಿ ಎತ್ತಿದ. ಬರಲಿಲ್ಲ. ಮತ್ತೆ ಎತ್ತಿದ. ಬರಲಿಲ್ಲ.

"ನೋಡ್ದಾ, ಬರಲ್ಲ ಅಂತಾಳೆ" ಎಂದ ಮಾರಯ್ಯ, ಮುಖ ಬೆಳ್ಳಗಾಗಿ.

ಸ್ಟಾನ್ಜಿನ್ ಬಂದು ಬಗ್ಗಿ ನೋಡಿದ. "ಬರಲ್ಲ ಅನ್ನಲಿಲ್ಲ. ಬುಡ ನೆಲಕ್ಕೆ ಹೆಪ್ಪುಗಟ್ಟೈತೆ."

ಬಿಸಿನೀರು ಎಲ್ಲಿಂದ ತರುವುದು? ಇದ್ದದ್ದು ಸ್ಟಾನ್ಜಿನ್‌ನ ಫ್ಲಾಸ್ಕಿನಲ್ಲಿದ್ದ ಬೆಣ್ಣೆ ಚಹಾ. ಮಾರಯ್ಯ ಅದನ್ನೇ ಬುಡಕ್ಕೆ ಸುತ್ತಲೂ ಸುರಿದ. ಕುರಿ, ಕೋಳಿ, ಮೊಸರನ್ನ, ಬೇವು ಎಲ್ಲ ಕಂಡ ಮಾರಮ್ಮನ ವಂಶದ ಇತಿಹಾಸದಲ್ಲಿ ಉಪ್ಪು ಹಾಕಿದ ಬೆಣ್ಣೆ ಚಹಾದ ಅಭಿಷೇಕ ಅದೇ ಮೊದಲು. ಕಲ್ಲು ಅಲುಗಿತು. ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗೊತ್ತಿಕೊಂಡು, ಎಳೆದ ಒಂದೊಂದು ಉಸಿರಿಗೂ ಬೆಲೆ ತೆತ್ತು, ಡೋಜರಿನ ಸೀಟಿನ ಪಕ್ಕಕ್ಕೆ ಏರಿಸಿದ. ತಿರುವು ದಾಟಿ, ಇಳಿಜಾರಿನ ಸಹವಾಸವಿಲ್ಲದ ಬಯಲಿನಲ್ಲಿ ಇಳಿಸಿ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದ. ಒಂದು ಬೆಳ್ಳಿ ಕಣ್ಣು ಓರೆಯಾಗಿತ್ತು, ಸರಿಮಾಡಿದ.

ಕೆಲಸ ಮುಗಿಯಿತು ಎಂದುಕೊಂಡು ತಿರುಗಿದರೆ, ತಡೆಗೇಟು ತೆರೆದು ಮೊದಲ ಲಾರಿ ಏರಿ ಬರುತ್ತಿದೆ. ತಿರುವಿಗೆ ಬಂತು. ನಿಂತಿತು! ಡ್ರೈವರು ಇಳಿದು, ಅಮ್ಮ ಇಲ್ಲದ್ದನ್ನು ಕಂಡು, ಕಳೆದುಹೋದ ಹಸು ಹುಡುಕುವವನಂತೆ ಅತ್ತಿತ್ತ ನೋಡತೊಡಗಿದ. ಹಿಂದಿನ ಲಾರಿಯೂ ನಿಂತಿತು, ಅದರ ಹಿಂದಿನದೂ. ಕಲ್ಲನ್ನು ಎತ್ತಬಹುದು, ಡ್ರೈವರುಗಳ ಕಾಲಿಗೆ ಆದ ರೂಢಿಯನ್ನು ಎತ್ತುವುದು ಹೇಗೆ? ಮೊದಲು ಬರೀ ಕೈ ಮುಗಿದು ಹೋಗುತ್ತಿದ್ದರು. ಈಗ ಇಳಿದು ಹುಡುಕುತ್ತಾರೆ.

ಮಾರಯ್ಯ ಓಡಿದ. ಆ ಎತ್ತರದಲ್ಲಿ ಓಡುವವರು ಹುಚ್ಚರು ಅಥವಾ ಯಾಕ್‌ಗಳು. ತಿರುವಿನಲ್ಲಿ, ಅಮ್ಮ ಇದ್ದ ಗುಂಡಿಯಲ್ಲೇ, ಅದೇ ಇಳಿಜಾರಿನ ಕೆಳಗೆ ನಿಂತು ಕಂಬಳಿ ಬೀಸಿದ. ಕೂಗಲು ಹೆದರಿಕೆ; ಹಾಗಾಗಿ ಸಿದ್ದಾಪುರದ ಬಂಡೆಗಳಲ್ಲಿ ಕುರಿ ಅಟ್ಟುವಾಗ ಮಾಡುವ ಹಾಗೆ ನಾಲಿಗೆ ಲೊಚಗುಟ್ಟಿಸುತ್ತ, ಲಾರಿಗಳ ಬದಿಗೆ ಕೈಯಿಂದ ತಟ್ಟುತ್ತ, "ನಡಿ ನಡಿ, ಅಮ್ಮ ಮುಂದೆ ಅವ್ಳೆ" ಎಂದು ಒಂದೊಂದನ್ನೇ ದಾಟಿಸಿದ. ನಿಲ್ಲಿಸಲು ನೋಡಿದವನನ್ನು ಬೈದ. ಬೈದದ್ದು ಕನ್ನಡ, ತೆಲುಗು, ಹಿಂದಿ ಮೂರರಲ್ಲಿ. ಸ್ಟಾನ್ಜಿನ್ ದೂರದಿಂದ "ಸಾಕು, ಬಾ, ಬಿಸಿಲು ಬಂತು" ಎಂದು ಕೈ ಮಾಡುತ್ತಲೇ ಇದ್ದ. ಮಾರಯ್ಯ ಕೊನೆಯ ಲಾರಿ ದಾಟುವವರೆಗೆ ಅಲ್ಲಿಂದ ಕದಲಲಿಲ್ಲ. ಆ ಹೊತ್ತು ಆ ಕಣಿವೆಯಲ್ಲಿ ಮಾರಮ್ಮನ ಕೆಲಸವನ್ನು ಮಾಡಿದ್ದು ಅವನೇ.

ಪರಶುರಾಂಪುರದಲ್ಲಿ ಹೇಳುವ ಕತೆಯ ಪ್ರಕಾರ, ಕೊನೆಯ ಲಾರಿಯ ಕೆಂಪು ದೀಪ ಮರೆಯಾದ ಕ್ಷಣವೇ ಬೆಟ್ಟ ಬಾಯಿಬಿಟ್ಟು ಬಿತ್ತು, ಮಾರಯ್ಯ ಅದರ ಮೇಲೆ ಸವಾರಿ ಮಾಡುತ್ತ ಇಳಿದ. ನಿಜವಾಗಿ ಬಿದ್ದದ್ದು ಎರಡು ದಿನ ಕಳೆದು, ಯಾರೂ ಇಲ್ಲದ ಹೊತ್ತಿನಲ್ಲಿ. ತಿರುವು ಪೂರ್ತಿ ಮುಚ್ಚಿಹೋಗಿತ್ತು. ಮಾರಯ್ಯ ಡೋಜರ್ ತಂದು ಅದನ್ನು ಬಗೆದ, ಪ್ರತಿದಿನ ಬಗೆಯುವ ಹಾಗೆ. ಆಚೆಯ ಬಯಲಿನಲ್ಲಿ ಲಾರಿಗಳು ಅಮ್ಮನ ಮುಂದೆ ನಿಂತು ಕಾಯುತ್ತಿದ್ದವು. ಅಲ್ಲಿ ಈಗ ಒಂದು ಚಹಾದ ಅಂಗಡಿಯೂ ಆಗಿದೆಯಂತೆ.

ಮುಂದಿನ ರಜೆಗೆ ಮಾರಯ್ಯ ಅಳುಕುತ್ತಲೇ ಊರಿಗೆ ಬಂದ. ಅಮ್ಮ ಬೇಡವೆಂದರೂ ಎತ್ತಿದವನು! ಮೊದಲು ಸಿದ್ದಾಪುರದ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಅಡ್ಡಬಿದ್ದ. ಮುದ್ದಕ್ಕ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು, ಅಮ್ಮನ ಜೊತೆ ಮಾತಾಡಿಕೊಳ್ಳಲು ಸಿದ್ಧಳಾಗಿ. ಜಗಳವೇನೂ ಆಗಲಿಲ್ಲ. ಆದರೆ ಹನುಮಣ್ಣನಿಗೆ ಸಮಾಧಾನವಿಲ್ಲ. ಎಡಕ್ಕೆ ಬಿದ್ದ ಹೂವಿಗೆ ಒಂದು ಅರ್ಥ ಬೇಕಲ್ಲ. ಗುಡಿಯ ಕಟ್ಟೆಯ ಮೇಲೆ ಜನ ಸೇರಿದ್ದರು. ಜುಂಜಮ್ಮನೂ ಅದಕ್ಕೆಂದೇ ಅಷ್ಟು ದೂರದಿಂದ ಬಂದಿದ್ದಳು.

"ಅಮ್ಮ ನಿನ್ನ ಪರೀಕ್ಷೆ ಮಾಡ್ಯಾಳೆ ಕಣ್ಲೇ, ಅದಕ್ಕೇ ಬ್ಯಾಡ ಅಂದಿದ್ದು" ಎಂದ ಹನುಮಣ್ಣ, ಎಲ್ಲರ ಕಡೆ ತಿರುಗಿ. "ಆಕೆ ಒಪ್ಪದೆ ಇವನ ಕೈಗೆ ಬರ್ತಿದ್ಲಾ? ನಿಜ ಹೇಳು ಮಾರಯ್ಯ. ಎತ್ತಿ ಎದೆಗಪ್ಪಿಕೊಂಡ್ಯಲ್ಲ, ಆಗ ಏನೋ ಒಂದು ಆಗಿರಲೇಬೇಕು. ಮೈ ಜುಂ ಅಂತಾ? ಕಿವೀಲಿ ಏನಾದ್ರೂ ಅಂದ್ಲಾ? ಏನನ್ನಿಸ್ತು ನಿಂಗೆ?"

ಕಟ್ಟೆಯ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದರು.

"ಭಾಳ ಭಾರ ಇದ್ಲು," ಎಂದ ಮಾರಯ್ಯ. "ಸೊಂಟ ಹಿಡ್ಕಂತು."